ಗಾಳಿ, ಚಳಿ, ಮಳೆಯಲ್ಲಿ ಟರ್ಕಿಗಿಟ್ಟ ಈಡು ತಪ್ಪುತ್ತಿದ್ದರೆ: ದೋಷ ಹುಡುಕುವ ಕೈಪಿಡಿ

ಅಮೆರಿಕದಲ್ಲಿ ಟರ್ಕಿ ಎಂಬ ದೊಡ್ಡ ಕಾಡುಹಕ್ಕಿಯ ವಸಂತದ ಬೇಟೆ ಸೀಸನ್ ದಕ್ಷಿಣ ಫ್ಲೋರಿಡಾದಲ್ಲಿ ಮಾರ್ಚ್ ಮೊದಲ ವಾರಗಳಲ್ಲೇ ಶುರುವಾಗುತ್ತದೆ, ಉತ್ತರದ ರಾಜ್ಯಗಳಲ್ಲಿ ಮೇ ಕೊನೆಯವರೆಗೂ ನಡೆಯುತ್ತದೆ. ಅಷ್ಟರಲ್ಲಿ ಬೆವರು ಇಳಿಯುವ ಬೆಳಗು, ಹಿಮ ಉದುರುವ ಬೆಳಗು, ಮರ ಅಲ್ಲಾಡಿಸುವ ಗಾಳಿ ಎಲ್ಲವೂ ಬಂದುಹೋಗುತ್ತವೆ. ಈಡು ತಪ್ಪಿದಾಗ ಮೊದಲು ಗಾಳಿಯ ಮೇಲೆಯೇ ಅನುಮಾನ ಬರುವುದು ಸಹಜ. ಹೆಚ್ಚಿನ ಸಲ ತಪ್ಪು ಬೇರೆಡೆ ಇರುತ್ತದೆ: ದೂರದ ಅಂದಾಜಿನಲ್ಲಿ, ಸಡಿಲವಾದ ಚೋಕಿನಲ್ಲಿ, ಕೋವಿಯಿಂದ ಕೆನ್ನೆ ಎದ್ದುಹೋದ ಹಿಡಿತದಲ್ಲಿ. ಗಾಳಿಯ ಪಾಲು ಎಷ್ಟು, ಉಳಿದದ್ದರ ಪಾಲು ಎಷ್ಟು ಎಂದು ಬೇರ್ಪಡಿಸಲು ಬೇಕಾಗುವುದು ಒಂದಿಷ್ಟು ಕಾಗದ, ಹತ್ತು ಹದಿನೈದು ತೋಟಾ ಮತ್ತು ತಾಳ್ಮೆ.

ಕೊಡಗು, ಮಲೆನಾಡಿನ ಮನೆಗಳಲ್ಲಿ ಬಳಕೆಯಲ್ಲಿರುವ ಮಾತುಗಳನ್ನೇ ಇಲ್ಲಿ ಬಳಸಲಾಗಿದೆ. ಕೋವಿಯಿಂದ ಹಾರಿಸುವ ಒಂದು ಹೊಡೆತ ಈಡು. ತೋಟಾದೊಳಗಿನ ಸಣ್ಣ ಗುಂಡುಗಳು ಚರೆ, ಅದರ ನಂಬರ್ ಹೆಚ್ಚಿದಷ್ಟೂ ಗಾತ್ರ ಸಣ್ಣದು. ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ ಚೋಕ್. ಅಮೆರಿಕದವರು 12 ಗೇಜ್ ಎನ್ನುವುದು ನಮ್ಮ 12 ಬೋರ್. ದೂರವನ್ನು ಅಲ್ಲಿನ ರೂಢಿಯಂತೆ ಗಜದಲ್ಲೇ ಕೊಟ್ಟಿದೆ.

ಕಾನೂನಿನ ಎರಡು ಮಾತು ಮೊದಲು. ಎಚ್-1ಬಿಯಂಥ ನಾನ್-ಇಮಿಗ್ರಂಟ್ ವೀಸಾದಲ್ಲಿರುವವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಅದು ಕೈಗೆ ಬರುವ ಮೊದಲು ಕೋವಿ ಮುಟ್ಟಬೇಡಿ, ಅನುಮಾನವಿದ್ದರೆ ವಕೀಲರನ್ನು ಕೇಳಿ. ಯಾವ ನಂಬರಿನ ಚರೆ ಬಳಸಬಹುದು, ಬೆಳಿಗ್ಗೆ ಎಷ್ಟು ಹೊತ್ತಿಗೆ ಈಡು ಇಡಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆ ವರ್ಷದ ನಿಯಮಪುಸ್ತಕ ನೋಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಾಗಾಗಿ ಇಲ್ಲಿರುವ ಬೇಟೆಯ ವಿವರ ಅಮೆರಿಕಕ್ಕೆ ಮಾತ್ರ.

ಲಕ್ಷಣ: ಗಾಳಿಯ ದಿನ ಈಡು ಒಂದೇ ಪಕ್ಕಕ್ಕೆ ಸರಿಯುತ್ತದೆ

ಹಾರುವ ಹಕ್ಕಿಗೆ ಇಡುವ ಈಡಿಗೂ ಟರ್ಕಿಗೆ ಇಡುವ ಈಡಿಗೂ ವ್ಯತ್ಯಾಸವಿದೆ. ಟರ್ಕಿ ನೆಲದ ಮೇಲೆ ನಿಂತಿರುತ್ತದೆ, ಗುರಿ ಅದರ ತಲೆ ಮತ್ತು ಕತ್ತು ಮಾತ್ರ. ಮೈಗೆ ಹೊಡೆದರೆ ದಪ್ಪ ಗರಿ, ಎದೆಯ ಮಾಂಸ ಚರೆಯನ್ನು ತಡೆಯುತ್ತವೆ, ಹಕ್ಕಿ ಗಾಯದೊಂದಿಗೆ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಅದಕ್ಕೇ ಬಿಗಿಯಾದ ಚೋಕ್ ಹಾಕಿ ಚರೆಯನ್ನು ಸಣ್ಣ ಗುಂಪಾಗಿ ಕಳಿಸುತ್ತಾರೆ. ಬಹಳ ಕಾಲದಿಂದ ನಡೆದುಬಂದ ಅಳತೆ ಒಂದಿದೆ: ನೀವು ಈಡು ಇಡುವ ಗರಿಷ್ಠ ದೂರದಲ್ಲಿ 10 ಇಂಚು ಅಡ್ಡಳತೆಯ ವೃತ್ತದೊಳಗೆ ಕನಿಷ್ಠ 100 ಚರೆ ಬೀಳಬೇಕು. ವೃತ್ತದ ನಡುವಿನಿಂದ ಅಂಚಿಗೆ ಬರೀ 5 ಇಂಚು. ಈಗ ಗಾಳಿಯ ಲೆಕ್ಕ ನೋಡಿ.

5ನೇ ನಂಬರಿನ ಸೀಸದ ಚರೆ, ನಳಿಗೆಯ ಬಾಯಲ್ಲಿ ಸೆಕೆಂಡಿಗೆ 1,200 ಅಡಿ ವೇಗ, ಗಂಟೆಗೆ 10 ಮೈಲಿಯ ನೇರ ಅಡ್ಡಗಾಳಿ. ಚರೆಯ ಗುಂಪು ಪಕ್ಕಕ್ಕೆ ಸರಿಯುವುದು ಸುಮಾರು ಇಷ್ಟು:

20 ಗಜದಲ್ಲಿ 1.5 ಇಂಚು
30 ಗಜದಲ್ಲಿ 3.5 ಇಂಚು
40 ಗಜದಲ್ಲಿ 6ರಿಂದ 7 ಇಂಚು
50 ಗಜದಲ್ಲಿ 10 ಇಂಚಿನ ಆಸುಪಾಸು

ಗಾಳಿ 20 ಮೈಲಿ ಆದರೆ ಇವೆಲ್ಲ ಎರಡರಷ್ಟಾಗುತ್ತವೆ. ಗಾಳಿ ಓರೆಯಾಗಿ, 45 ಡಿಗ್ರಿಯಲ್ಲಿ ಬೀಸುತ್ತಿದ್ದರೆ ಸುಮಾರು 70 ಶೇಕಡಾ ಮಾತ್ರ. ಎದುರುಗಾಳಿ, ಬೆನ್ನುಗಾಳಿಗಳನ್ನು ಮರೆತುಬಿಡಬಹುದು: 10 ಮೈಲಿ ಗಾಳಿ ಎಂದರೆ ಸೆಕೆಂಡಿಗೆ 15 ಅಡಿಯೂ ಇಲ್ಲ, ಚರೆಯ 1,200 ಅಡಿಯ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.

30 ಗಜದೊಳಗೆ ಸಾಧಾರಣ ಗಾಳಿಯಿಂದ ಈಡು ತಪ್ಪುವುದು ಕಷ್ಟ. 40 ಗಜದಲ್ಲಿ ಅದೇ ಗಾಳಿ ಗುಂಪಿನ ದಟ್ಟ ಭಾಗವನ್ನು ಕತ್ತಿನಿಂದ ಪೂರ್ತಿ ಆಚೆ ಒಯ್ಯುತ್ತದೆ, ಅಂಚಿನ ನಾಲ್ಕಾರು ಚರೆ ಮಾತ್ರ ತಗಲುತ್ತವೆ. ಹಕ್ಕಿ ಗಾಯಗೊಳ್ಳುವುದು ಇಂಥ ಈಡಿನಲ್ಲೇ.

ಮೇಲಿನ ಅಂಕಿಗಳಲ್ಲಿ ಇನ್ನೊಂದು ಉಪಯೋಗವಿದೆ. ದೂರ ಎರಡರಷ್ಟಾದಾಗ ಗಾಳಿಯ ಸರಿತ ಸುಮಾರು ನಾಲ್ಕರಷ್ಟಾಗುತ್ತದೆ. ಕೋವಿಯದೇ ದೋಷವಾದರೆ ಹಾಗಲ್ಲ, ಅದು ದೂರದ ಜೊತೆ ಸಮವಾಗಿ ಬೆಳೆಯುತ್ತದೆ. ಪರೀಕ್ಷೆ ಇಲ್ಲೇ ಸಿಕ್ಕಿತು.

ಅಗ್ಗದ ಪರೀಕ್ಷೆ ಮೊದಲು. ಹಿಂದೆ ಭದ್ರವಾದ ಮಣ್ಣಿನ ದಿಬ್ಬವಿರುವ ರೇಂಜಿನಲ್ಲಿ, 3 ಅಡಿ ಅಗಲದ ಕಂದು ಕಾಗದ ಕಟ್ಟಿ, ನಡುವೆ ರೂಪಾಯಿ ಅಗಲದ ಕಪ್ಪು ಚುಕ್ಕೆ ಇಡಿ. ಮರಳಿನ ಚೀಲದ ಮೇಲೆ ಕೋವಿ ಊರಿ, 20 ಗಜದಿಂದ ಮೂರು ಈಡು, ಪ್ರತಿ ಈಡಿಗೂ ಹೊಸ ಕಾಗದ. ಒಂದು ಈಡು ನೋಡಿ ತೀರ್ಮಾನಿಸಬೇಡಿ, ಒಂದೇ ಪೆಟ್ಟಿಗೆಯ ತೋಟಾಗಳೂ ಒಂದಕ್ಕೊಂದು ಸ್ವಲ್ಪ ಬೇರೆ ಹರಡುತ್ತವೆ. ಗುಂಪಿನ ದಟ್ಟ ಭಾಗ ಚುಕ್ಕೆಯಿಂದ 3 ಇಂಚಿಗಿಂತ ಆಚೆಗಿದ್ದರೆ ಅದು ಗಾಳಿಯದಲ್ಲ, ಕೋವಿಯದು ಅಥವಾ ಹಿಡಿದವರದು. ಅನಂತರ 40 ಗಜ. 20ರಲ್ಲಿ 3 ಇಂಚು ಎಡಕ್ಕೆ, 40ರಲ್ಲಿ 6 ಇಂಚು ಎಡಕ್ಕೆ ಎಂದರೆ ಕೋವಿಯ ದೋಷ. 20ರಲ್ಲಿ ಒಂದೂವರೆ, 40ರಲ್ಲಿ ಆರೂವರೆ ಎಂದರೆ ಗಾಳಿ. ಅನುಮಾನ ಉಳಿದರೆ ಗಾಳಿ ಎದುರು ದಿಕ್ಕಿಗೆ ತಿರುಗಿದ ಇನ್ನೊಂದು ದಿನ ಮತ್ತೆ ಬನ್ನಿ: ಸರಿತ ಪಕ್ಕ ಬದಲಿಸಿದರೆ ಗಾಳಿ, ಬದಲಿಸದಿದ್ದರೆ ಕೋವಿ.

ಕೋವಿಯ ದೋಷ ಎಂದು ಖಚಿತವಾದ ಮೇಲೆ, ಕೋವಿ ಖಾಲಿ ಮಾಡಿ ಹೀಗೆ ನೋಡುತ್ತ ಬನ್ನಿ. ಚೋಕನ್ನು ಅದರ ಕೀಲಿಯಿಂದ ಬಿಗಿ ಮಾಡಿ, ಅದು ಈಡಿಗೆ ಈಡು ಸಡಿಲವಾಗುವ ವಸ್ತು. ಕಳಚಿ, ಎಳೆಗಳ ಮೇಲಿನ ಪ್ಲಾಸ್ಟಿಕ್ ಕಸ, ತುಕ್ಕು ಒರೆಸಿ, ಎಣ್ಣೆಯ ತೆಳು ಪದರ ಸವರಿ ಮತ್ತೆ ಹಾಕಿ. ಕೆಂಪು ಚುಕ್ಕೆಯ ಸೈಟ್ (ಗಾಜಿನಲ್ಲಿ ಚುಕ್ಕೆ ತೋರಿಸುವ ಗುರಿಸಾಧನ) ಇದ್ದರೆ ಅದರ ಸ್ಕ್ರೂಗಳು ಅಲುಗಾಡುತ್ತವೆಯೇ ನೋಡಿ, ಟರ್ಕಿ ತೋಟಾದ ಒದೆತಕ್ಕೆ ಅವು ಸಡಿಲವಾಗುತ್ತವೆ. ನಳಿಗೆಯ ತುದಿಯ ಮೇಲಿನ ಗುರಿಮಣಿ ಬಾಗಿದೆಯೇ ನೋಡಿ. ಆಮೇಲೂ ಸರಿತ ಉಳಿದರೆ ಸೈಟಿನ ತಿರುಪಿನಿಂದ ಸರಿಪಡಿಸಿ, ಹೆಚ್ಚಿನ ಸೈಟುಗಳಲ್ಲಿ ಒಂದು ಕ್ಲಿಕ್ 40 ಗಜದಲ್ಲಿ ಸುಮಾರು 0.4 ಇಂಚು. ಈ ಕೆಲಸ ಗಾಳಿಯಿಲ್ಲದ ಬೆಳಿಗ್ಗೆಯೇ ಆಗಬೇಕು. ಗಾಳಿಯ ದಿನ ಸೈಟ್ ತಿರುಗಿಸಿದರೆ ಆ ದಿನದ ಗಾಳಿಯನ್ನು ಕೋವಿಯೊಳಗೆ ಕೂರಿಸಿದಂತೆ, ಮುಂದಿನ ಪ್ರತಿ ಈಡೂ ತಪ್ಪುತ್ತದೆ.

ಗಾಳಿಯ ದೋಷವಾದರೆ ಪರಿಹಾರ ಒಂದೇ, ದೂರ ಕಡಿಮೆ ಮಾಡುವುದು. ಗಾಳಿ ಬರುವ ಕಡೆಗೆ ಗುರಿಯನ್ನು ಆರಿಂಚು ಸರಿಸಿ ಹೊಡೆಯುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಟರ್ಕಿಯ ಮಟ್ಟಿಗೆ ಅದು ಒಳ್ಳೆಯದಲ್ಲ. ನಿಮ್ಮ ಮರದ ಬುಡದ ಗಾಳಿ ಬೇರೆ, ಹಕ್ಕಿ ನಿಂತ ಬಯಲಿನ ಗಾಳಿ ಬೇರೆ, ಈಡು ಇಡುವ ಗಳಿಗೆಯಲ್ಲಿ ಗಾಳಿ ನಿಂತರೆ ನೀವೇ ಸರಿಸಿದ ಆರಿಂಚು ತಪ್ಪಾಗಿ ನಿಲ್ಲುತ್ತದೆ. ಗಾಳಿಯ ಅಂದಾಜಿಗೆ ಉಪಕರಣ ಬೇಡ, ಎಲೆಗಳೇ ಸಾಕು: ಎಲೆ, ಕಡ್ಡಿಗಳು ಬಿಡದೆ ಅಲುಗುತ್ತಿದ್ದರೆ 8ರಿಂದ 12 ಮೈಲಿ, ಸಣ್ಣ ಕೊಂಬೆ ಅಲುಗಿ ಒಣಗೆಲೆ, ಧೂಳು ಏಳುತ್ತಿದ್ದರೆ 13ರಿಂದ 18, ಎಳೆಯ ಮರಗಳೇ ತೂಗಾಡುತ್ತಿದ್ದರೆ 19ರಿಂದ 24. ಮೊದಲನೆಯದರಲ್ಲಿ 35 ಗಜ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 25 ಎಂದು ಗೆರೆ ಹಾಕಿಕೊಳ್ಳಿ. ಬೊಂಬೆ ಟರ್ಕಿಯನ್ನು 20 ಗಜದಲ್ಲೇ ನೆಟ್ಟರೆ ಗಂಡು ಅಲ್ಲಿಗೇ ಬರುತ್ತದೆ.

ಭಾರದ ಚರೆ ಕೊಂಡರೆ ಗಾಳಿ ತಾಕುವುದಿಲ್ಲ ಎಂಬ ನಂಬಿಕೆಯೂ ಇದೆ. ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಬಹಳ ಸಾಂದ್ರ ನಿಜ, ಘನ ಸೆಂಟಿಮೀಟರಿಗೆ 18 ಗ್ರಾಂ, ಸೀಸ 11. ಆದರೆ ಅದನ್ನು 9ನೇ ನಂಬರಿನ ಸಣ್ಣ ಗಾತ್ರದಲ್ಲಿ ತುಂಬುತ್ತಾರೆ. ಗಾತ್ರ, ಸಾಂದ್ರತೆ ಎರಡನ್ನೂ ಗುಣಿಸಿ ನೋಡಿದರೆ ಗಾಳಿಯಲ್ಲಿ ಅದು 4ನೇ ನಂಬರಿನ ಸೀಸದ ಚರೆಯಂತೆಯೇ ಸರಿಯುತ್ತದೆ. ಅದರ ಲಾಭ ಚರೆಗಳ ಸಂಖ್ಯೆಯಲ್ಲಿದೆ, ಗಾಳಿಯಲ್ಲಲ್ಲ.

ಲಕ್ಷಣ: ಗುರಿ ಸರಿಯಾಗಿತ್ತು, ಗಾಳಿಯೂ ಇರಲಿಲ್ಲ, ಆದರೂ ಹಕ್ಕಿ ಓಡಿಹೋಯಿತು

ದೂರವನ್ನು ಅನುಮಾನಿಸಿ. ಮಳೆ ನಿಂತ ಮೇಲೆ, ಗಾಳಿ ಜೋರಾದಾಗ ಟರ್ಕಿಗಳು ತೊಟ್ಟಿಕ್ಕುವ, ಸದ್ದು ಮಾಡುವ ಕಾಡು ಬಿಟ್ಟು ಬಯಲಿಗೆ ಬರುತ್ತವೆ, ಅಲ್ಲಿ ಅವುಗಳ ಕಣ್ಣು ಕೆಲಸ ಮಾಡುತ್ತದೆ. ಬಯಲಿನಲ್ಲಿ ಅಳತೆಗೆ ನಡುವೆ ಮರಗಳಿಲ್ಲ. ಮಳೆ ತೊಳೆದ ತಿಳಿ ಬಿಸಿಲಿನಲ್ಲಿ ಹಕ್ಕಿ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ನಡುವೆ ಹಳ್ಳವಿದ್ದರೆ ಇನ್ನೂ ಹತ್ತಿರ. ಮಂಜು, ಮಬ್ಬಿನಲ್ಲಿ ದೂರ ಕಾಣುತ್ತದೆ. 35 ಎಂದುಕೊಂಡದ್ದು 50 ಆಗಿರುವುದು ಈ ಬಯಲುಗಳಲ್ಲೇ.

ಕುಳಿತ ಕೂಡಲೇ, ಹಕ್ಕಿ ಬರುವ ಮೊದಲೇ, ಸುತ್ತಲಿನ ಮರ, ಬಂಡೆ, ಬೇಲಿಕಂಬಗಳ ದೂರ ಅಳೆದು ನೆನಪಿಡಿ. ದಟ್ಟ ಮಂಜಿನಲ್ಲಿ, ಮಳೆಯಲ್ಲಿ ಲೇಸರ್ ಅಳತೆಯಂತ್ರ ಹನಿಗಳಿಂದಲೇ ಪ್ರತಿಫಲಿಸಿ ತಪ್ಪು ಅಂಕಿ ಕೊಡುತ್ತದೆ. ಅಂಥ ದಿನ ಬೊಂಬೆಯನ್ನು ಹೆಜ್ಜೆ ಎಣಿಸಿ ನೆಡಿ, ಅದರಾಚೆಗೆ ಈಡು ಬೇಡ.

ತೀರ ಹತ್ತಿರದ ಹಕ್ಕಿಯೂ ತಪ್ಪುತ್ತದೆ. 10–12 ಗಜದಲ್ಲಿ ಬಿಗಿ ಚೋಕಿನ ಗುಂಪು ಮುಷ್ಟಿಯಷ್ಟೇ ಇರುತ್ತದೆ, ಒಂಟಿ ಗುಂಡಿನಷ್ಟೇ ನಿಖರವಾಗಿ ಗುರಿಯಿಡಬೇಕು. ಇದಕ್ಕೂ ಹವೆಗೂ ಸಂಬಂಧವಿಲ್ಲ.

ಲಕ್ಷಣ: ಚಳಿಯ ದಿನ ಈಡು ತಲೆಯ ಮೇಲಿಂದ ಹೋಗುತ್ತದೆ

ಇದರಲ್ಲಿ ಹವೆಯ ಕೈ ಇದೆ, ಆದರೆ ಬಟ್ಟೆಯ ಮೂಲಕ. ದಪ್ಪ ಜಾಕೆಟ್ ಹಾಕಿದರೆ ಕೋವಿಯ ಮರ ಭುಜಕ್ಕೆ ಬೇರೆ ಜಾಗದಲ್ಲಿ ಕೂರುತ್ತದೆ, ಮಳೆಟೋಪಿಯ ಅಂಚು ಕೆನ್ನೆಯನ್ನು ಮೇಲೆತ್ತುತ್ತದೆ. ಮಣಿ ಮಾತ್ರ ಇರುವ ಕೋವಿಯಲ್ಲಿ ನಿಮ್ಮ ಕಣ್ಣೇ ಹಿಂದಿನ ಸೈಟ್. ಕಣ್ಣು ಮೇಲೇರಿದರೆ ಈಡೂ ಮೇಲೆ. ಹಕ್ಕಿಯನ್ನು ಇನ್ನೂ ಚೆನ್ನಾಗಿ ನೋಡಬೇಕೆಂದು ಕೊನೆಯ ಗಳಿಗೆಯಲ್ಲಿ ಕೆನ್ನೆ ಎತ್ತುವುದೂ ಇದೇ ದೋಷ ತರುತ್ತದೆ, ಟರ್ಕಿ ತಪ್ಪುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ.

ರೇಂಜಿನಲ್ಲಿ ಟೀ ಶರ್ಟಿನಲ್ಲಿ ಹೊಡೆದು ಕಾಡಿಗೆ ಮೂರು ಪದರ ಹಾಕಿ ಹೋಗಬೇಡಿ. ಬೇಟೆಗೆ ಹಾಕುವ ಬಟ್ಟೆ, ಕೈಗವಸು, ಮುಸುಕು ಹಾಕಿಕೊಂಡು, ನೆಲದಲ್ಲಿ ಕುಳಿತು, ಮೊಣಕಾಲ ಮೇಲೆ ಕೋವಿ ಇಟ್ಟು ಮೂರು ಈಡು ಇಡಿ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತೀರೇ ಎಂದು ತಿಳಿಯಲು ಜೊತೆಯವರಿಗೆ ಕೆಲವೊಮ್ಮೆ ನಿಜ ತೋಟಾ, ಕೆಲವೊಮ್ಮೆ ಡಮ್ಮಿ (ಮದ್ದಿಲ್ಲದ ತೋಟಾ) ತುಂಬಲು ಹೇಳಿ. ಡಮ್ಮಿಯಲ್ಲಿ ನಳಿಗೆ ಜಗ್ಗಿದರೆ ಉತ್ತರ ಸಿಕ್ಕಿತು. ಅಭ್ಯಾಸಕ್ಕೆ ಹಗುರ ತೋಟಾ ಸಾಕು.

ಜೋರು ಗಾಳಿಯಲ್ಲಿ ನೀವು ಒರಗಿದ ಸಣ್ಣ ಮರವೇ ತೂಗುತ್ತದೆ, ಅದರ ಜೊತೆ ನಳಿಗೆಯೂ. ಭುಜಕ್ಕಿಂತ ಅಗಲವಾದ ಕಾಂಡಕ್ಕೆ ಒರಗಿ. ಒಣಕೊಂಬೆ ಮೇಲಿಲ್ಲ ಎಂದು ನೋಡಿಯೇ ಕೂರಿ.

ಲಕ್ಷಣ: ಚಳಿಯಲ್ಲಿ ಚರೆ ಹೆಚ್ಚು ಹರಡುತ್ತದೆ, ಬೆಟ್ಟದ ಮೇಲೆ ಬಿಗಿಯಾಗುತ್ತದೆ

ಇದು ನಿಜವಾದ ಹವೆಯ ಪರಿಣಾಮ. 70 ಡಿಗ್ರಿ ಫ್ಯಾರನ್‌ಹೀಟಿನಿಂದ 20ಕ್ಕೆ ಇಳಿದರೆ ಗಾಳಿ ಸುಮಾರು 10 ಶೇಕಡಾ ದಟ್ಟವಾಗುತ್ತದೆ, ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ತಣ್ಣಗಾದ ಮದ್ದು ಸ್ವಲ್ಪ ನಿಧಾನವಾಗಿ ಉರಿಯುತ್ತದೆ, ಚರೆಯನ್ನು ಹೊತ್ತ ಪ್ಲಾಸ್ಟಿಕ್ ಬಟ್ಟಲು ಗಡುಸಾಗುತ್ತದೆ. ಕೊಲರಾಡೊದಂಥ ಕಡೆ 8,000 ಅಡಿ ಎತ್ತರದಲ್ಲಿ ಇದರ ತಿರುವುಮುರುವು: ಗಾಳಿ ಸಮುದ್ರಮಟ್ಟದ ಐದನೇ ನಾಲ್ಕು ಪಾಲಿಗಿಂತಲೂ ತುಸು ತೆಳು, ಗುಂಪು ಬಿಗಿ, ಅಡ್ಡಗಾಳಿಯ ಸರಿತವೂ ಕಡಿಮೆ. ತೇವಾಂಶದ ಪರಿಣಾಮ ಲೆಕ್ಕಕ್ಕಿಲ್ಲದಷ್ಟು, ಮಳೆಹನಿಗೆ ಚರೆ ಬಡಿದು ದಾರಿ ತಪ್ಪುವುದೂ ಹಾಗೆಯೇ.

ಬೇಟೆಯಾಡುವ ಹವೆಯಲ್ಲೇ ಕಾಗದ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ 40 ಗಜಕ್ಕೆ 100 ಚರೆ ಬಿದ್ದ ತೋಟಾ ಹಿಮದ ಬೆಳಗ್ಗೆ 85 ಚರೆಗೆ ಇಳಿದರೆ ನಿಮ್ಮ ಗೆರೆ 35ಕ್ಕೆ ಬಂತು ಎಂದುಕೊಳ್ಳಿ. ಗುಂಪಿನ ನಡುವೆ ಬಯಲುಬಿಟ್ಟ ಜಾಗ ಪದೇಪದೇ ಕಾಣುತ್ತಿದ್ದರೆ ಚಳಿಯನ್ನು ದೂರಬೇಡಿ. ಮೊದಲು ನಳಿಗೆ, ಚೋಕಿನ ಪ್ಲಾಸ್ಟಿಕ್ ಕಸ ತೆಗೆಯಿರಿ, ಆಮೇಲೆ ಬೇರೆ ತೋಟಾ ಪರೀಕ್ಷಿಸಿ, ಕೊನೆಗೆ ಬೇರೆ ಚೋಕ್. ಒಮ್ಮೆಗೆ ಒಂದನ್ನೇ ಬದಲಿಸಿ.

ಲಕ್ಷಣ: ಕೆಂಪು ಚುಕ್ಕೆ ಕಾಣುವುದಿಲ್ಲ, ಗಾಜು ಮಸುಕು

ಗಾಜಿನ ಮೇಲೆ ಒಳಗಡೆ ಮಸುಕೋ ಹೊರಗಡೆಯೋ ನೋಡಿ. ಹೊರಗಿನದು ಹೆಚ್ಚಾಗಿ ನಿಮ್ಮದೇ ಉಸಿರು, ಮುಖಮುಸುಕು ಅದನ್ನು ನೇರ ಮೇಲಕ್ಕೆ ಕಳಿಸುತ್ತದೆ. ಮುಸುಕನ್ನು ಮೂಗಿನ ಕೆಳಗೆ ಎಳೆಯಿರಿ. ತೆರೆದ ಮಾದರಿಯ ಸೈಟಿನಲ್ಲಿ ಬೆಳಕು ಬರುವ ಸಣ್ಣ ಕಿಟಕಿಯ ಮೇಲೆ ಒಂದು ಹನಿ ಕೂತರೂ ಚುಕ್ಕೆ ಒಡೆದು ನಕ್ಷತ್ರವಾಗುತ್ತದೆ ಅಥವಾ ಮಾಯವಾಗುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆ ಒಳಜೇಬಿನಲ್ಲಿರಲಿ. ಒಳಗೇ ಮಸುಕಿದ್ದರೆ ಸೀಲ್ ಹೋಗಿದೆ, ಮನೆಯಲ್ಲಿ ಬಿಚ್ಚಬೇಡಿ.

ಚಳಿಯಲ್ಲಿದ್ದ ಕೋವಿಯನ್ನು ಬೆಚ್ಚನೆಯ ಕೋಣೆಗೆ ತಂದರೆ ಮೈತುಂಬ ಹನಿಗಟ್ಟುತ್ತದೆ, ಮತ್ತೆ ಹೊರಗೆ ಒಯ್ದರೆ ಆ ನೀರು ಯಂತ್ರದೊಳಗೆ ಹೆಪ್ಪುಗಟ್ಟುತ್ತದೆ. ತಂದ ಕೂಡಲೇ ಖಾಲಿ ಮಾಡಿ, ಒರೆಸಿ, ಪೂರ್ತಿ ಒಣಗಿಸಿ, ಬೀಗ ಹಾಕಿಡಿ.

ಲಕ್ಷಣ: ಟ್ರಿಗರ್ ಎಳೆದರೆ ಬರೀ ಟಿಕ್, ಇಲ್ಲವೇ ಪುಸ್ ಎಂಬ ಸಪ್ಪೆ ಸದ್ದು

ಇಲ್ಲಿ ಗುರಿಯ ಯೋಚನೆ ಬಿಡಿ, ಜೀವದ ಯೋಚನೆ ಮಾಡಿ.

ಟಿಕ್ ಎಂದು ಈಡು ಹಾರದಿದ್ದರೆ ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ತೋಟಾ ತೆಗೆಯಿರಿ, ಅದನ್ನು ಮತ್ತೆ ಬಳಸಬೇಡಿ. ಕಾರಣ ಹೆಚ್ಚಾಗಿ ಚಳಿಗೆ ಗಟ್ಟಿಯಾದ ಎಣ್ಣೆ ಅಥವಾ ಮಂಜುಗಡ್ಡೆ ಹೊಡೆಗಡ್ಡಿಯನ್ನು (ತೋಟಾದ ಬುಡಕ್ಕೆ ಬಡಿಯುವ ಕಡ್ಡಿ) ನಿಧಾನ ಮಾಡಿರುವುದು. ಹಳೆಯ ಎಣ್ಣೆ ಪೂರ್ತಿ ಒರೆಸಿ, ಚಳಿಗೆಂದೇ ಮಾಡಿದ ತೆಳು ಎಣ್ಣೆ ಹನಿಯಷ್ಟು ಹಾಕಿ.

ಪುಸ್ ಎಂದು ಸದ್ದು ಬಂದು ಒದೆತ ಕಡಿಮೆಯಾಗಿದ್ದರೆ ಚರೆಯ ಪ್ಲಾಸ್ಟಿಕ್ ಬಟ್ಟಲು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೋದರೆ ನಳಿಗೆ ಸಿಡಿಯುತ್ತದೆ. ಕೋವಿ ಖಾಲಿ ಮಾಡಿ, ಬೋಲ್ಟ್ ತೆರೆದು, ಸಾಧ್ಯವಿದ್ದರೆ ನಳಿಗೆ ಕಳಚಿ, ತೋಟಾ ಕೂರುವ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ನಳಿಗೆಯ ಬಾಯಿಂದ ಎಂದೂ ಇಣುಕಬೇಡಿ. ಕೆಸರು, ಹಿಮ ಹೊಕ್ಕಿರಬಹುದೆಂಬ ಅನುಮಾನ ಬಂದಾಗಲೂ ಇದೇ ಕ್ರಮ. ಬಾಗಿ ನಡೆಯುವಾಗ ನಳಿಗೆಯ ತುದಿ ನೆಲಕ್ಕೆ ತಾಗಿದ್ದು ಗೊತ್ತೇ ಆಗುವುದಿಲ್ಲ.

ತಾನೇ ಮುಂದಿನ ತೋಟಾ ಏರಿಸಿಕೊಳ್ಳುವ ಆಟೋಲೋಡರ್ ಕೋವಿಯಲ್ಲಿ ಎರಡನೇ ತೋಟಾ ಏರದಿದ್ದರೆ ಅದಕ್ಕೂ ಗಟ್ಟಿಯಾದ ಎಣ್ಣೆ, ಮಸಿಯೇ ಮೊದಲ ಅನುಮಾನ.

ಇಲ್ಲಿಗೆ ನಿಲ್ಲಿಸಿ, ಬೇರೆಯವರ ಕೈಗೆ ಕೊಡಿ

ನಳಿಗೆಯ ಮೇಲೆ ಬೆರಳಾಡಿಸಿದಾಗ ಉಬ್ಬು ಸಿಕ್ಕರೆ, ಒಳಗೆ ನೋಡಿದಾಗ ಕಪ್ಪು ಉಂಗುರ ಕಂಡರೆ, ಚೋಕ್ ಕೀಲಿಗೆ ಜಗ್ಗದೆ ಕೂತಿದ್ದರೆ, ಚೋಕ್ ನಳಿಗೆಯ ನಡುವಿಗೆ ಸರಿಯಾಗಿ ಕೂರದೆ ಒಂದು ಕಡೆ ಅಂಚು ಹೆಚ್ಚು ಕಂಡರೆ ಇನ್ನೊಂದು ಈಡೂ ಬೇಡ, ಗನ್‌ಸ್ಮಿತ್ ಬಳಿ ಒಯ್ಯಿರಿ. ಎಲ್ಲ ಸರಿಪಡಿಸಿದ ಮೇಲೂ ಗಾಳಿಯಿಲ್ಲದ ದಿನ 40 ಗಜದಲ್ಲಿ 4 ಇಂಚಿಗಿಂತ ಹೆಚ್ಚು ಸರಿತ ಉಳಿದರೂ ಅಷ್ಟೇ.

ಗುಡುಗು ಕೇಳಿದರೆ ಮರದ ಬುಡ ಬಿಟ್ಟು ಗಾಡಿಗೆ ಹೋಗಿ. ನೆನೆದು ಕೈ ನಡುಗತೊಡಗಿದರೆ, ಬೆರಳಿಗೆ ಸೇಫ್ಟಿ ಗುಂಡಿ ತಿಳಿಯದಾದರೆ ಆ ದಿನದ ಬೇಟೆ ಮುಗಿಯಿತು. ಜೋರು ಗಾಳಿಯಲ್ಲಿ, ಮಂಜಿನಲ್ಲಿ ಬೇರೆ ಬೇಟೆಗಾರರ ಹೆಜ್ಜೆಸದ್ದು ಕೇಳುವುದಿಲ್ಲ. ಗಂಡು ಟರ್ಕಿಯ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲೂ ಇರಬಾರದು, ಕರ್ಚೀಫ್ ಕೂಡ. ಜಾಗ ಬದಲಿಸುವಾಗ ಕಿತ್ತಳೆ ಬಟ್ಟೆ ಹಾಕಿ. ಟರ್ಕಿಯ ಕೂಗು ಕೇಳಿದ ಕಡೆಗೆ ತೆವಳಿ ಹೋಗಬೇಡಿ, ಹಕ್ಕಿಯನ್ನು ಕರೆಯಲು ಹಾಗೆ ಕೂಗಿದ್ದು ಮನುಷ್ಯನೂ ಆಗಿರಬಹುದು. ಹಕ್ಕಿಯ ಗಡ್ಡ (ಎದೆಯಿಂದ ಜೋತುಬೀಳುವ ಕೂದಲಿನಂಥ ಗರಿ), ತಲೆ ಎರಡೂ ಸ್ಪಷ್ಟವಾಗಿ ಕಂಡು, ಅದರ ಹಿಂದೇನಿದೆ ಎಂದು ತಿಳಿದ ಮೇಲಷ್ಟೇ ಸೇಫ್ಟಿ ತೆಗೆಯಿರಿ.

ಲಕ್ಷಣ: ಈಡು ತಗಲಿತು, ಹಕ್ಕಿ ಎದ್ದು ಓಡಿತು

ತಪ್ಪಿತು ಎಂದು ಕೈಬಿಡಬೇಡಿ. ಹಕ್ಕಿ ನಿಂತ ಜಾಗವನ್ನು ಕಣ್ಣಲ್ಲೇ ಗುರುತು ಹಿಡಿದು, ಕೋವಿಗೆ ಸೇಫ್ಟಿ ಹಾಕಿ ಅಲ್ಲಿಗೆ ಹೋಗಿ. ಬುಡದಲ್ಲಿ ಕತ್ತರಿಸಿದಂತಿರುವ ಗರಿ ಬಿದ್ದಿದ್ದರೆ ಚರೆ ತಗಲಿದೆ. ಚರೆ ನೆಲ ಕೆದಕಿದ ಗುರುತು, ಪೊದೆಯ ಎಲೆಗಳ ತೂತು ಹಕ್ಕಿಯ ಯಾವ ಪಕ್ಕಕ್ಕಿವೆ ಎಂದು ನೋಡಿ, ಗಾಳಿಯ ದಿಕ್ಕಿನ ಜೊತೆ ಅದನ್ನು ಬರೆದಿಡಿ. ಮುಂದಿನ ಕಾಗದ ಪರೀಕ್ಷೆಗೆ ಅದೇ ಆಧಾರ. ಮಳೆ ರಕ್ತದ ಗುರುತನ್ನು ಬೇಗ ತೊಳೆಯುತ್ತದೆ, ಹಾಗಾಗಿ ಮಳೆಯಲ್ಲಿ ಕಾಯದೆ ಹುಡುಕಲು ಶುರು ಮಾಡಿ. ಗಾಯಗೊಂಡ ಟರ್ಕಿ ಬಿದ್ದ ಮರದ ಕೆಳಗೆ, ದಟ್ಟ ಪೊದೆಯೊಳಗೆ, ಹಳ್ಳದ ದಂಡೆಯ ಪೊಟರೆಯಲ್ಲಿ ಅಡಗಿ ಕೂರುತ್ತದೆ. ಬಿದ್ದ ಮರಗಳನ್ನು ಎರಡೂ ಕಡೆಯಿಂದ ಬಗ್ಗಿ ನೋಡಿ. ಅದು ಬೇರೆಯವರ ಜಮೀನಿಗೆ ದಾಟಿದ್ದರೆ ಮಾಲೀಕರ ಒಪ್ಪಿಗೆ ಕೇಳಿ, ಸಿಗದಿದ್ದರೆ ರಾಜ್ಯದ ವನ್ಯಜೀವಿ ಅಧಿಕಾರಿಗೆ ಫೋನ್ ಮಾಡಿ.